ಮೂಳೆಯಿಲ್ಲದ ರೆಕ್ಕೆ

ಚಿಕ್ಕೋಡಿಯಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ರಸ್ತೆಗೆ ಹತ್ತಿದ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮದುವೆಯಾಗಿ ಬಂದ ಎರಡನೆಯ ವರ್ಷ ಅಲ್ಲಿ ಮಶೀನು ಇಟ್ಟುಕೊಂಡವಳು ಇಂದಿಗೂ ಅದೇ ಕಿಟಕಿಯ ಪಕ್ಕ ಕುಳಿತಿದ್ದೇನೆ. ಮಶೀನು ಮಾತ್ರ ಎರಡು ಸಲ ಬದಲಾಗಿದೆ. ಹೆಂಗಸರ ಬ್ಲೌಸು ನನ್ನ ಮುಖ್ಯ ಕೆಲಸ. ಯಾರ ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ಇಳಿದಿದೆ, ಯಾರಿಗೆ ತೋಳು ಬಿಗಿಯಾದರೆ ಸಹಿಸುವುದಿಲ್ಲ, ಯಾರು ವರ್ಷಾವರ್ಷ ದಪ್ಪಗಾಗುತ್ತಿದ್ದರೂ ಹಳೆಯ ಅಳತೆಯನ್ನೇ ಕೊಡುತ್ತಾರೆ ಎಂಬುದೆಲ್ಲ ನನಗೆ ಗೊತ್ತು. ಗಣಿತ ಗೊತ್ತಿಲ್ಲ. ಹತ್ತನೆಯ ಇಯತ್ತೆಯಲ್ಲಿ ಅದೊಂದರಲ್ಲಿ ನಾಪಾಸಾದೆ. ಮತ್ತೆ ಪರೀಕ್ಷೆಗೆ ಕೂರಲಿಲ್ಲ.

ಅಕ್ಕೋರು ನನ್ನ ಹಳೆಯ ಗಿರಾಕಿ. ರಾಯಬಾಗ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಜೈನ ಮನೆತನ, ಕಾಗವಾಡದ ಕಡೆ ಅಣ್ಣಂದಿರದು ದ್ರಾಕ್ಷಿ ತೋಟ. ಮದುವೆ ಮಾಡಿಕೊಂಡಿಲ್ಲ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಪುಸ್ತಕಗಳ ಜೊತೆ ಒಬ್ಬರೇ ಇರುತ್ತಾರೆ, ಮತ್ತು ನಾನು ಕಂಡಂತೆ ಬಹಳ ಖುಷಿಯಾಗಿಯೇ ಇರುತ್ತಾರೆ. ವರ್ಷಕ್ಕೆ ನಾಲ್ಕು ಬ್ಲೌಸು ಹೊಲಿಸುತ್ತಾರೆ. ಎಲ್ಲವೂ ಒಂದೇ ನಮೂನೆ, ಮೊಳಕೈವರೆಗೆ ತೋಳು.

ಚಂದ್ರನ ಮೇಲೆ ನಮ್ಮವರ ನೌಕೆ ಇಳಿದದ್ದನ್ನು ಓಣಿಯವರೆಲ್ಲ ಟಿ.ವಿ.ಯಲ್ಲಿ ನೋಡಿದ ಮರುವರ್ಷ, ಮಳೆಗಾಲದ ಮೊದಲ ವಾರ, ಒಂದು ಬೆಳಿಗ್ಗೆ ಅಕ್ಕೋರು ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ, ಉದ್ದನೆಯ ನೋಟ್‌ಬುಕ್ ಇತ್ತು.

"ಬ್ಲೌಸ್ ಪೀಸ್ ಮರತು ಬಂದೀರೇನ್ರಿ ಅಕ್ಕೋರ?" ಎಂದೆ.

"ಮರತಿಲ್ಲ ತಂಗಿ. ಇವತ್ತ ಬ್ಯಾರೇ ಕೆಲಸ ತಂದೀನಿ. ನಿನಗ ಪುರಸೊತ್ತ ಐತೇನ?"

ಪುರಸೊತ್ತು ಇರಲಿಲ್ಲ. ಆದರೂ ಸ್ಟೂಲು ಎಳೆದುಕೊಟ್ಟೆ. ಅವರು ನೋಟ್‌ಬುಕ್ಕನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಬಿಚ್ಚಿದರು. ಪುಟ ಪುಟಕ್ಕೂ ಪೆನ್ಸಿಲಿನಲ್ಲಿ ಬಿಡಿಸಿದ ವಿಮಾನಗಳ ಚಿತ್ರ. ಆದರೆ ನಾನು ಕಂಡಂಥ ವಿಮಾನ ಒಂದೂ ಇರಲಿಲ್ಲ. ಒಂದಕ್ಕೆ ಬಳೆಯಂತೆ ದುಂಡಗಿನ ರೆಕ್ಕೆ. ಒಂದು ಬಾಲದ ಮೇಲೆ ನಿಂತು, ಮೂಗನ್ನು ಆಕಾಶಕ್ಕೆ ಮಾಡಿಕೊಂಡಿತ್ತು. ಇನ್ನೊಂದಕ್ಕೆ ರೆಕ್ಕೆಯೇ ಇರಲಿಲ್ಲ, ಮಗುವಿಗೆ ಸ್ನಾನ ಮಾಡಿಸುವ ತೊಟ್ಟಿಯ ಹಾಗೆ ಹೊಟ್ಟೆ ಮಾತ್ರ. ಅದು ಬಾಹ್ಯಾಕಾಶದಿಂದ ತಿರುಗಿ ಬರಲಿಕ್ಕೆ ಅಂತೆ. ಮತ್ತೊಂದು ಪುಟದಲ್ಲಿ ದೊಡ್ಡ ಚೌಕದ ಹಾಳೆ. ಅದು ಸೂರ್ಯನ ಬೆಳಕು ತಳ್ಳಿದ ಹಾಗೆ ಗ್ರಹದಿಂದ ಗ್ರಹಕ್ಕೆ ಸಾಗುವ ಹಾಯಿ ಎಂದರು. ಬೆಳಕು ತಳ್ಳುತ್ತದೆ ಎಂಬುದನ್ನು ನಾನು ಆವತ್ತೇ ಮೊದಲು ಕೇಳಿದ್ದು.

"ಇವೆಲ್ಲ ಹಾರ್ತಾವೇನ್ರಿ?"

"ಕೆಲವು ಹಾರ್ಯಾವ. ಕೆಲವು ಎರಡ ಸಲ ಹಾರಿ ಬಿದ್ದಾವ. ಭಾಳಷ್ಟು ಕಾಗದದ ಮ್ಯಾಲ ಉಳದಾವ," ಎಂದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಹೇಳಿದರು: "ಇಷ್ಟು ವರ್ಷ ಪಾಠ ಮಾಡಿದ್ನಲ್ಲ, ವಿಮಾನದ ಚಿತ್ರ ಬಿಡಿಸಿ ಭಾಗ ಗುರುತಿಸ್ರಿ ಅಂತ ಹುಡುಗೂರಿಗೆ ಹೇಳ್ತಿದ್ದೆ. ಪುಸ್ತಕದಾಗ ಇರೂವು ಪಾಸಾದ ವಿಮಾನ. ನಾಪಾಸಾದವು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಿಟೈರ್ ಆದ ಮ್ಯಾಲ ಅವನ್ನ ಹುಡುಕಾಕತ್ತೀನಿ."

ನಾಪಾಸು ಎಂಬ ಶಬ್ದಕ್ಕೆ ನನ್ನ ಕಿವಿ ನೆಟ್ಟಗಾಯಿತು.

ಅವರು ತಂದಿದ್ದ ಕೆಲಸ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು. ಮೂಳೆಯಿಲ್ಲದ ರೆಕ್ಕೆ. ಕಡ್ಡಿ ಇಲ್ಲ, ಕೊಳವೆ ಇಲ್ಲ, ಬರೀ ಬಟ್ಟೆ ಮತ್ತು ದಾರ. ಮಡಚಿದರೆ ಕೈಚೀಲದಲ್ಲಿ ಹಿಡಿಸಬೇಕು, ಬಿಚ್ಚಿದರೆ ಗಾಳಿಯೇ ಅದಕ್ಕೆ ಆಕಾರ ಕೊಡಬೇಕು. ಛತ್ರಿಯಂತೆ ಸುಮ್ಮನೆ ಕೆಳಗಿಳಿಯುವುದಲ್ಲ, ಹದ್ದಿನಂತೆ ಮುಂದೆ ಜಾರುತ್ತ ಇಳಿಯಬೇಕು. ಬಾಹ್ಯಾಕಾಶದಿಂದ ಮನುಷ್ಯರನ್ನು ಹೊತ್ತು ಬರುವ ಡಬ್ಬಿಯನ್ನು ಸಮುದ್ರಕ್ಕೆ ಕೆಡವದೆ, ಇಂಥ ರೆಕ್ಕೆ ಕಟ್ಟಿ ನೆಲದ ಮೇಲೆ ಮೆಲ್ಲಗೆ ಇಳಿಸಬೇಕೆಂದು ಒಂದು ಕಾಲದಲ್ಲಿ ಪ್ರಯತ್ನ ಮಾಡಿದ್ದರಂತೆ. ಅದು ಬೇಕಾದ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳದೆ ಸತಾಯಿಸಿತು. ಕೆಲಸ ಕೈಬಿಟ್ಟರು.

"ಇಂಥಾ ಮೊದಲನೇ ರೆಕ್ಕಿ ಹೊಲದಾಕಿ ಒಬ್ಬ ಹೆಣ್ಣಮಗಳಂತ," ಎಂದು ಅಕ್ಕೋರು ಧ್ವನಿ ತಗ್ಗಿಸಿದರು, ಗುಟ್ಟು ಹೇಳುವ ಹಾಗೆ. "ಮನಿಯಾಗಿನ ಪರದೆ ಬಟ್ಟಿ ಕತ್ತರಿಸಿ ಹೊಲದಾಳ. ಅದನ್ನ ಓದಿದಾಗ ನಿನ್ನ ನೆನಪಾತು."

ಅಷ್ಟು ಹೇಳಿದ ಮೇಲೆ ನಾನು ಹೇಗೆ ಬೇಡ ಎನ್ನಲಿ?

ಮೊದಲನೆಯದನ್ನು ಬ್ಲೌಸಿನ ಒಳಗೆ ಕೊಡುವ ಅಸ್ತರಿನ ಬಟ್ಟೆಯಲ್ಲಿ ಹೊಲಿದೆ. ಅಕ್ಕೋರು ಬರೆದುಕೊಟ್ಟ ನಕ್ಷೆಯಂತೆ ಒಂದೂವರೆ ಮೀಟರಿನ ಚೌಕ. ಅಂಚಿಗೂ ನಡುವಿಗೂ ದಾರಗಳು. ಎಲ್ಲ ದಾರ ಕೆಳಗೆ ಬಂದು ಒಂದು ಡಬ್ಬಿಗೆ ಸೇರಬೇಕು. ಡಬ್ಬಿ ನನ್ನ ಗಂಡನದು. ಅವರು ಗೂಡ್ಸ್ ಟೆಂಪೊ ಓಡಿಸುತ್ತಾರೆ, ಬೋರಗಾಂವಿನ ಮಗ್ಗಗಳಿಂದ ಬಟ್ಟೆಯ ಗಂಟುಗಳನ್ನು ಸಾಗಿಸುವುದೇ ಹೆಚ್ಚು. ದಿನಾ ಬುತ್ತಿ ಒಯ್ಯುವ ಎರಡು ಕ್ಲಿಪ್ಪಿನ ಸ್ಟೀಲ್ ಡಬ್ಬಿ ಅದು. ಭಾನುವಾರ ಮಾತ್ರ ನಮ್ಮ ಕೈಗೆ ಸಿಗುತ್ತಿತ್ತು.

ಡಬ್ಬಿಯೊಳಗೆ ಏನಿಡಬೇಕು ಎಂಬ ಪ್ರಶ್ನೆ ಬಂತು. ಮೆಲ್ಲಗೆ ಇಳಿಯಿತೋ ಇಲ್ಲವೋ ಗೊತ್ತಾಗಲು ಒಡೆಯುವಂಥದ್ದೇನಾದರೂ ಬೇಕು. "ತತ್ತಿ ಇಡೂಣಲ್ರಿ," ಎಂದು ನನ್ನ ಗಂಡ ಬಾಯಿತಪ್ಪಿ ಅಂದುಬಿಟ್ಟರು. ಅಕ್ಕೋರು ಅವರನ್ನು ಸುಮ್ಮನೆ ನೋಡಿದರು. ನನ್ನ ಗಂಡ ನಾಲಗೆ ಕಚ್ಚಿಕೊಂಡು ಟೆಂಪೊ ತೊಳೆಯಲು ಹೋದರು. ನಾನು ಒಳಗೆ ಹೋಗಿ ನಾಲ್ಕು ಉದ್ದಿನ ಹಪ್ಪಳ ಸುಟ್ಟು ತಂದೆ. ಸುಟ್ಟ ಹಪ್ಪಳದಷ್ಟು ಬೇಗ ಮುರಿಯುವುದು ನಮ್ಮ ಮನೆಯಲ್ಲಿ ಬೇರೊಂದಿರಲಿಲ್ಲ.

ಮಾಳಿಗೆಯ ಮೇಲಿಂದ ಬಿಟ್ಟೆವು. ಅಸ್ತರಿನ ಬಟ್ಟೆ ಒಂದು ಕ್ಷಣ ಉಬ್ಬಿತು, ಮರುಕ್ಷಣ ಒಣಹಾಕಿದ ಲಂಗ ಹಗ್ಗದಿಂದ ಜಾರಿದ ಹಾಗೆ ಮುದುಡಿ ಬಿತ್ತು. ಡಬ್ಬಿ ತೆರೆದರೆ ಹಪ್ಪಳ ಹಿಟ್ಟಾಗಿತ್ತು. ಅಕ್ಕೋರು ನೋಟ್‌ಬುಕ್ ತೆಗೆದು ದಿನ, ಗಾಳಿ, ಬಟ್ಟೆ, ಹಪ್ಪಳದ ಗತಿ ಎಲ್ಲ ಬರೆದುಕೊಂಡರು. ಅವರ ಮುಖದಲ್ಲಿ ಬೇಸರದ ಸುಳಿವೇ ಇರಲಿಲ್ಲ.

"ಬಟ್ಟಿ ಉಸಿರಾಡಾಕತ್ತೈತ್ರಿ," ಎಂದೆ. "ಗಾಳಿ ತೂರಿ ಹೋಗತೈತಿ. ಛತ್ರಿ ಬಟ್ಟಿ ಬೇಕು."

ಛತ್ರಿ ಬಟ್ಟೆಗೆ ನಿಪ್ಪಾಣಿಗೆ ಹೋಗಬೇಕಾಯಿತು. ಬುಧವಾರ ನನ್ನ ಗಂಡನಿಗೆ ಆ ಕಡೆ ಬಾಡಿಗೆ ಇತ್ತು. ನಾನೂ ಅಕ್ಕೋರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕುಳಿತು ಹೋದೆವು. ನಿಪ್ಪಾಣಿಯ ಪೇಟೆಯಲ್ಲಿ ಒಬ್ಬ ಮುದುಕರು ಮಳೆಗಾಲದಲ್ಲಿ ಛತ್ರಿ ರಿಪೇರಿ ಮಾಡುತ್ತ ಕೂರುತ್ತಾರೆ. ಮನೆಮಾತು ಮರಾಠಿ. ಏನು ಬೇಕೆಂದು ಅದರಲ್ಲೇ ಕೇಳಿದರು.

"ಕಾಯ ಪಾಹಿಜೆ ತಾಯಿ? ಛತ್ರಿ ಮುರದೈತೇನ?"

"ಛತ್ರಿ ಬ್ಯಾಡ್ರಿ ಕಾಕಾ. ಬರೇ ಬಟ್ಟಿ ಬೇಕು. ಎರಡು ರೆಕ್ಕಿಗಾಗೂವಷ್ಟು," ಎಂದರು ಅಕ್ಕೋರು.

ಕಾಕಾ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಗಂಟಿನೊಳಗಿಂದ ಮೂರು ತರದ ಬಟ್ಟೆ ತೆಗೆದರು. ಆಯ್ಕೆ ಮಾಡುವುದನ್ನು ತೋರಿಸಿಕೊಟ್ಟವರೂ ಅವರೇ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಉಸಿರು ಎಳೆದುಕೊಂಡರು. ಎರಡು ಬಟ್ಟೆಗಳಲ್ಲಿ ಉಸಿರು ಸುಲಭವಾಗಿ ಬಂತು. ಮೂರನೆಯದರಲ್ಲಿ ಕೆನ್ನೆ ಎರಡೂ ಒಳಗೆ ಹೋದವು. "ಹೇ ಘ್ಯಾ. ಇದ ತಗೋರಿ. ಇದರಾಗ ದೇವರ ಉಸರೂ ದಾಟೂದಿಲ್ಲ." ನಾನೂ ಹಾಗೇ ಉಸಿರೆಳೆದು ನೋಡಿದೆ. ಆಮೇಲೆ ಅಕ್ಕೋರೂ ಎಳೆದರು. ಪೇಟೆಗೆ ಬಂದವರು ನಿಂತು ನೋಡುತ್ತಿದ್ದರು.

ಆ ಬಟ್ಟೆ ಕತ್ತರಿಸುವಾಗ ನಾನೊಂದು ತಪ್ಪು ಮಾಡಿದೆ. ಈಗಲೂ ಅದನ್ನು ತಪ್ಪು ಎಂದೇ ಹೇಳುತ್ತೇನೆ.

ಮೇಜಿನ ಮೇಲೆ ಹಾಸಿದ ಚೌಕವನ್ನು ನೋಡುತ್ತ ನೋಡುತ್ತ ಮೊದಲ ರೆಕ್ಕೆ ಮುದುಡಿದ ರೀತಿ ಕಣ್ಣಮುಂದೆ ಬಂತು. ಅದು ಸಪಾಟು ಬಟ್ಟೆ. ಗಾಳಿ ಸಪಾಟಲ್ಲ, ಅದು ಉಬ್ಬುತ್ತದೆ. ಉಬ್ಬಿದ ಮೈಗೆ ಸಪಾಟು ಬಟ್ಟೆ ಸುತ್ತಿದರೆ ಅಂಚಿನಲ್ಲಿ ಸುಕ್ಕು ಬಂದೇ ಬರುತ್ತದೆ. ಅದು ನನಗೆ ದಿನಾ ಕಾಣುವ ವಿಷಯ. ಅದಕ್ಕೇ ನಾವು ಬ್ಲೌಸಿನ ಎದೆಯ ಬಳಿ ಸಣ್ಣ ಮಡಿಕೆ ಹಿಡಿದು ಹೊಲಿಯುತ್ತೇವೆ, ಟಕ್ಸ್ ಅನ್ನುತ್ತೇವೆ. ಬಟ್ಟೆ ತಾನಾಗಿ ಬಟ್ಟಲಾಗುತ್ತದೆ. ನಾನು ಅಕ್ಕೋರನ್ನು ಕೇಳದೆ, ಚೌಕವನ್ನು ನಡುವೆ ಎರಡು ಪಾಲು ಮಾಡಿ, ಎರಡೂ ಅಂಚನ್ನು ಸ್ವಲ್ಪ ಬಾಗಿಸಿ ಕತ್ತರಿಸಿ ಕೂಡಿಸಿದೆ. ಮೂಗಿನ ಕಡೆ ಎರಡು ಟಕ್ಸ್ ಹಿಡಿದೆ.

ಮುಂದಿನ ಭಾನುವಾರ ಮಾಳಿಗೆಯಿಂದ ಬಿಟ್ಟಾಗ ಅದು ಬೀಳಲಿಲ್ಲ. ಎರಡು ಹೊಟ್ಟೆಗಳಾಗಿ ಉಬ್ಬಿ, ಮುಂದಕ್ಕೆ ಜಾರಿ, ಎದುರು ಮನೆಯ ನುಗ್ಗೆಗಿಡ ದಾಟಿ, ರಸ್ತೆಯಲ್ಲಿ ನಿಂತಿದ್ದ ಎಮ್ಮೆಯ ಪಕ್ಕ ಇಳಿಯಿತು. ನಾನು ಚಪ್ಪಾಳೆ ಹೊಡೆದೆ. ಅಕ್ಕೋರು ಕೆಳಗಿಳಿದು ಹೋಗಿ ಬಟ್ಟೆಯನ್ನು ತಿರುವಿ ನೋಡಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು, ಟಕ್ಸ್ ಮುಟ್ಟಿದರು. ಅವರ ಹುಬ್ಬು ಗಂಟಾಯಿತು.

"ಇದು ನನ್ನ ನಕ್ಷೆ ಅಲ್ಲ."

"ಸ್ವಲ್ಪ ಬಾಗಿಸೀನ್ರಿ. ಚೊಲೋ ಹಾರ್ತಲ್ಲ?"

"ಹಾರ್ತು. ಯಾಕ ಹಾರ್ತು? ಬಟ್ಟಿ ಬದಲಾಗಿದ್ದಕ್ಕೋ, ನೀ ಕೊಯ್ದಿದ್ದು ಬದಲಾಗಿದ್ದಕ್ಕೋ? ಈಗ ಹ್ಯಾಂಗ ಹೇಳೂದು? ಒಂದ ಸಲಕ್ಕ ಒಂದ ಬದಲಾವಣಿ ಮಾಡಬೇಕು ತಂಗಿ. ಎರಡೂ ಕೂಡೇ ಬದಲಿ ಮಾಡಿ ಇಡೀ ವಾರ ನೀರಾಗ ಹಾಕಿದಿ."

ಶಾಲೆಯಲ್ಲಿ ಎಲ್ಲ ಮಕ್ಕಳ ಮುಂದೆ ಬೈಸಿಕೊಂಡ ಹಾಗಾಯಿತು ನನಗೆ. ಪುರಸೊತ್ತಿಲ್ಲದಾಗ ಹೊಲಿದುಕೊಟ್ಟು ಬೈಸಿಕೊಳ್ಳುವುದೇ ಎಂದು ಸಿಟ್ಟೂ ಬಂತು. "ಹಂಗಾದ್ರ ನೀವ ಹೊಲೀರಿ," ಎಂದು ಹೇಳಿ ಒಳಗೆ ಬಂದುಬಿಟ್ಟೆ. ಅವರು ರೆಕ್ಕೆಯನ್ನು ಮಡಚಿ ಕಟ್ಟೆಯ ಮೇಲೆ ಇಟ್ಟು ಹೋದರು.

ಆರು ದಿನ ಅವರು ಬರಲಿಲ್ಲ. ನಾನೂ ಹೋಗಲಿಲ್ಲ. ಮಶೀನು ತುಳಿಯುತ್ತ ಮನಸ್ಸಿನಲ್ಲೇ ಅವರ ಜೊತೆ ವಾದ ಮಾಡಿದೆ. ಮೂರನೆಯ ದಿನದ ಹೊತ್ತಿಗೆ ವಾದದಲ್ಲಿ ಸೋಲತೊಡಗಿದೆ. ಒಂದು ಬ್ಲೌಸು ಬಿಗಿಯಾಯಿತೆಂದು ತೋಳು, ಪಕ್ಕ, ಬೆನ್ನು ಮೂರನ್ನೂ ಒಟ್ಟಿಗೆ ಬಿಚ್ಚಿ ಸಡಿಲಿಸುವ ಹುಡುಗಿಯರಿಗೆ ನಾನೇ ಬೈಯುತ್ತೇನಲ್ಲ, ಬಿಗಿ ಎಲ್ಲಿತ್ತು ಅಂತ ಆಮೇಲೆ ಗೊತ್ತಾಗುವುದು ಹೇಗೆ ಅಂತ! ಅಕ್ಕೋರು ಹೇಳಿದ್ದು ಅದನ್ನೇ. ಉಳಿದ ಛತ್ರಿ ಬಟ್ಟೆ ಹಾಸಿ, ಈ ಸಲ ಅವರ ನಕ್ಷೆಯಂತೆ, ಒಂದು ನೂಲೂ ಬಾಗಿಸದೆ ಸಪಾಟು ರೆಕ್ಕೆ ಹೊಲಿದೆ. ಏಳನೆಯ ದಿನ, ಭಾನುವಾರ, ಅದನ್ನು ಹಿಡಿದು ಅವರ ಮನೆಗೆ ಹೋದೆ.

"ಅದ ಬಟ್ಟಿ, ನಿಮ್ಮ ಕೊಯ್ತ. ಈಗ ಎರಡೂ ಬಿಟ್ಟು ನೋಡ್ರಿ," ಎಂದೆ.

ಅವರು ರೆಕ್ಕೆಯನ್ನು ಕೈಗೆ ತೆಗೆದುಕೊಂಡು ಅಂಚಿನ ಹೊಲಿಗೆ ನೋಡಿದರು. "ನಾ ಭಾಳ ಬಿರುಸು ಮಾತಾಡಿದೆ," ಎಂದರು. "ಮಾಸ್ತರಕಿ ನಾಲಿಗಿ, ಇನ್ನೂ ರಿಟೈರ್ ಆಗಿಲ್ಲ ಅದು." ಆಮೇಲೆ ಚುರುಮುರಿ ಹಚ್ಚಿಕೊಟ್ಟರು. ತಿಂದು ಎದ್ದು ನೇರ ನಮ್ಮ ಮನೆಯ ಮಾಳಿಗೆಗೆ ಹೋದೆವು. ಸಪಾಟು ರೆಕ್ಕೆ ಅಸ್ತರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಗಾಳಿಯಲ್ಲಿ ನಿಂತಿತು, ಮೂಗು ಒಳಗೆ ಮಡಚಿಕೊಂಡು ಬಿತ್ತು. ಬಾಗಿಸಿದ್ದು ಜಾರಿಕೊಂಡು ಹೋಯಿತು. ಮೂರು ಸಲ ಬಿಟ್ಟರೂ ಹಾಗೇ. ಅಕ್ಕೋರು ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಓದಿ ಹೇಳಿದರು: "ಬಟ್ಟೆಯಿಂದ ಸ್ವಲ್ಪ, ಕೊಯ್ತದಿಂದ ಬಹಳ." ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ಇನ್ನು ಮಾಳಿಗೆ ಸಾಲದು ಎನಿಸಿತು. ಊರ ಹೊರಗೆ ಒಂದು ಬೋಳು ಗುಡ್ಡವಿದೆ. ಪಶ್ಚಿಮದ ಗಾಳಿ ಮಳೆಗಾಲದಲ್ಲಿ ಅದಕ್ಕೆ ನೇರ ಬಡಿಯುತ್ತದೆ. ಗುಡ್ಡದ ಪಶ್ಚಿಮ ಬದಿಗೆ ಹುಲ್ಲುಗಾವಲು, ಪೂರ್ವ ಬದಿಗೆ ಬಾವಿ ನೀರಿನ ಕಬ್ಬು. ಆಷಾಢದ ಒಂದು ಭಾನುವಾರ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಾಗ ಮೂವರೂ ಹತ್ತಿದೆವು. ಬಾಗಿಸಿದ ರೆಕ್ಕೆ, ಡಬ್ಬಿ, ಹೊಸದಾಗಿ ಸುಟ್ಟ ನಾಲ್ಕು ಹಪ್ಪಳ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸಬೇಕಾದ ಅಕ್ಕೋರಿಗೆ ಅವಸರವಿತ್ತು.

ನನ್ನ ಗಂಡ ಗುಡ್ಡದ ಅಂಚಿನಲ್ಲಿ ಗಾಳಿಗೆ ಎದುರಾಗಿ ನಿಂತು ರೆಕ್ಕೆ ಬಿಚ್ಚಿದರು. ಅದು ಪಟಪಟ ಎಂದು ಒಮ್ಮೆ ಬಡಿದುಕೊಂಡು ಉಬ್ಬಿ ತಲೆಯ ಮೇಲೆ ನಿಂತಿತು.

"ಜಗ್ಗಾಕತ್ತೈತ್ರಿ ಅಕ್ಕೋರ! ಬಿಡ್ಲೇನು?"

"ಬಿಡು!"

ಬಿಟ್ಟರು. ಕೆಳಗೆ ಹುಲ್ಲುಗಾವಲಿನ ಕಡೆ ಹೋಗುತ್ತದೆಂದು ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಅದು ಮೇಲೆ ಹೋಯಿತು. ನಮ್ಮ ಎತ್ತರಕ್ಕೆ, ನಮ್ಮ ಎರಡರಷ್ಟು ಎತ್ತರಕ್ಕೆ, ಆಮೇಲೆ ತೆಂಗಿನ ಮರದಷ್ಟು. ಡಬ್ಬಿ ಬಿಸಿಲಿಗೆ ಫಳಫಳ ಹೊಳೆಯುತ್ತ ತೂಗಾಡುತ್ತಿತ್ತು. ಕಪ್ಪು ರೆಕ್ಕೆ ಒಂದಿಷ್ಟೂ ಅಲುಗದೆ, ಯಾರೋ ಮೇಲಿಂದ ಹಿಡಿದುಕೊಂಡಿದ್ದಾರೇನೋ ಎಂಬಂತೆ ನಿಂತಿತ್ತು. ನನ್ನ ಕೈಯಲ್ಲಿ ಕತ್ತರಿಸಿದ ಬಟ್ಟೆ ಅದು ಎಂಬುದು ನನಗೆ ನಂಬಿಕೆಯಾಗಲಿಲ್ಲ.

"ಗಾಳಿ ಗುಡ್ಡಕ್ಕ ಬಡದು ಮ್ಯಾಲ ಏರಾಕತ್ತೈತಿ!" ಎಂದು ಅಕ್ಕೋರು ಕೂಗಿದರು. "ನಾ ಇದನ್ನ ಲೆಕ್ಕಕ್ಕ ಹಿಡದಿದ್ದಿಲ್ಲ! ನೋಡ್ರಿ, ನೋಡ್ರಿ!" ಅರವತ್ತು ದಾಟಿದ ಹೆಂಗಸು ಸೀರೆ ಎತ್ತಿ ಹಿಡಿದು ಕಲ್ಲಿನ ಮೇಲೆ ಕುಣಿಯುತ್ತಿದ್ದರು.

ಅಷ್ಟರಲ್ಲಿ ಅದು ನಮ್ಮ ನೆತ್ತಿಯ ಮೇಲಿಂದ ಹಿಂದಕ್ಕೆ ಸರಿಯಿತು. ಗುಡ್ಡ ದಾಟಿತು. ಹಿಂದಿನ ಬದಿಗೆ ನಿಧಾನ ಇಳಿಯುತ್ತ, ಕಬ್ಬಿನ ಹಸಿರಿನ ನಟ್ಟನಡುವೆ ಮುಳುಗಿಹೋಯಿತು.

"ನನ್ನ ಬುತ್ತಿ ಡಬ್ಬಿ!" ಎಂದರು ನನ್ನ ಗಂಡ.

ಕೆಳಗಿಳಿದು ಓಡಿದೆವು. ಕಬ್ಬು ಆಳು ಮುಳುಗುವಷ್ಟಿತ್ತು, ಗಾಳಿಗೆ ಹೊಯ್ದಾಡಿ ಒಂದರ ಮೇಲೊಂದು ಒರಗಿತ್ತು. ಹೊಲದ ಗೌಡರು ಬಾವಿಯ ಬಳಿ ಇದ್ದರು. ನಮ್ಮ ಮಾತನ್ನು ಪೂರಾ ಕೇಳಿ, ನಗದೆ, ಹೇಳಿದರು: "ಒಳಗ ಹೋಗಬ್ಯಾಡ್ರಿ ಅಕ್ಕೋರ, ಹಾವು ಹುಳ ಇರ್ತಾವ. ಎಲೀ ಅಲಗಿನಂಗ ಕೊಯ್ತಾವ. ಕಡಿಯೂ ಗ್ಯಾಂಗ್ ಬಂದಾಗ ಸಿಗತೈತಿ, ಎಲ್ಲಿ ಹೊಕ್ಕೈತಿ?" ನನ್ನ ಫೋನ್ ನಂಬರು ಬರೆದುಕೊಂಡರು.

ಕಬ್ಬು ಕಡಿಯುವುದೆಂದರೆ ದೀಪಾವಳಿ ಕಳೆದ ಮೇಲೆ. ನನ್ನ ಗಂಡ ಅಷ್ಟು ತಿಂಗಳು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ಹೊಸ ಡಬ್ಬಿ ತರುತ್ತೇನೆಂದರೆ ಕೇಳಲಿಲ್ಲ. ದಾರಿಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ಡಬ್ಬಿ ಎಲ್ಲಿ ಎಂದರೆ "ಹಾರಿ ಹೋಗೈತಿ" ಎಂದು ಹೇಳುವುದು ಅವರಿಗೆ ಬಹಳ ಹಿಡಿಸಿತ್ತು. ಅಷ್ಟರಲ್ಲಿ ನಾನು ನಿಪ್ಪಾಣಿಯಿಂದ ಮತ್ತೆ ಬಟ್ಟೆ ತರಿಸಿ ಅದೇ ಅಳತೆಯ ಇನ್ನೊಂದು ರೆಕ್ಕೆ ಹೊಲಿದಿಟ್ಟೆ, ಅಕ್ಕೋರು ಮುಂಚೆಯೇ ನಕ್ಷೆ ನೋಡಿ ಒಪ್ಪಿಗೆ ಕೊಟ್ಟ ಮೇಲೆ. ನನ್ನ ಬಾಗನ್ನು ಅವರು ಇಂಚು ಇಂಚಿಗೆ ಅಳೆದು ಕಾಗದದ ಮೇಲೆ ಗೆರೆಯಾಗಿ ಇಳಿಸಿಕೊಂಡರು. ಎರಡು ಸಂಜೆ ಅವರ ಮನೆಯಲ್ಲಿ ಕುಳಿತು ಆ ಗೆರೆಯ ಲೆಕ್ಕವನ್ನು ನನಗೆ ಹೇಳಿಕೊಟ್ಟರು. ಅರ್ಧ ತಿಳಿಯಿತು. ಆ ಅರ್ಧಕ್ಕೇ ನನಗೆ ಸಂತೋಷವಾಯಿತು.

ಗೌಡರ ಫೋನು ಬಂದದ್ದು ಚಳಿ ಬಿದ್ದ ಮೇಲೆ. "ನಿಮ್ಮ ವಿಮಾನ ಸಿಕ್ಕೈತ್ರಿ, ಬರ್ರಿ."

ಹೋದಾಗ ಅರ್ಧ ಹೊಲ ಬಯಲಾಗಿತ್ತು. ಕಡಿಯುವ ಗ್ಯಾಂಗಿನ ಹೆಂಗಸೊಬ್ಬಳು ರೆಕ್ಕೆಯನ್ನು ನೀಟಾಗಿ ಮಡಚಿ, ಅದರ ಮೇಲೆ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದಳು. ಬಟ್ಟೆ ಎರಡು ಕಡೆ ಹರಿದಿತ್ತು, ಬಣ್ಣ ಬೂದಿಯಾಗಿತ್ತು. ಡಬ್ಬಿಯ ಕ್ಲಿಪ್ಪು ತುಕ್ಕು ಹಿಡಿದಿತ್ತು. ನನ್ನ ಗಂಡ ಬೀಗದ ಕೈಯಿಂದ ಮೀಟಿ ತೆಗೆದರು. ಒಳಗೆ ನಾಲ್ಕೂ ಹಪ್ಪಳ ಇದ್ದವು, ಬೂಸರು ಬಂದು, ಚರ್ಮದ ಹಾಗೆ ಮೆತ್ತಗಾಗಿ.

"ಮೆತ್ತಗಾಗ್ಯಾವಲ್ರಿ. ಇನ್ನ ಏನ ಗೊತ್ತಾಗತೈತಿ?" ಎಂದೆ.

"ಮುರಿದಿದ್ವು ಮೆತ್ತಗಾದ್ರ ಕೂಡಿಕೋತಾವೇನ? ನೋಡಿಲ್ಲಿ, ದುಂಡಗ ಅದಾವ. ಒಂದು ಚೂರೂ ಉದುರಿಲ್ಲ." ಅಕ್ಕೋರು ಡಬ್ಬಿಯನ್ನು ಬಿಸಿಲಿಗೆ ಹಿಡಿದು ತಳವನ್ನು ಪರೀಕ್ಷೆ ಮಾಡಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಇಳಿಯಿತು. "ಆದ್ರ ಕಬ್ಬಿನ ಮ್ಯಾಲ ಇಳದೈತಿ. ಹಾಸಿಗಿ ಇದ್ದಂಗ ಅದು. ಇದನ್ನ ಲೆಕ್ಕಕ್ಕ ಹಿಡಿಯೂ ಹಂಗಿಲ್ಲ ತಂಗಿ." ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದರು.

ನಾನು ಗುಡ್ಡದ ಕಡೆ ನೋಡಿದೆ. ಗಾಳಿ ಸಣ್ಣಗಿತ್ತು, ಅದೂ ಈಗ ಪೂರ್ವದಿಂದ, ಕಡಿದ ಹೊಲದ ಕಡೆಯಿಂದ ಗುಡ್ಡಕ್ಕೆ ಬೀಸುತ್ತಿತ್ತು. ಹೊಸ ರೆಕ್ಕೆ ಟೆಂಪೊದಲ್ಲೇ ಇತ್ತು. "ಈಗ ಹೊಲ ಬೈಲಾಗೇತ್ರಿ," ಎಂದೆ. "ಗಟ್ಟಿ ನೆಲ."

ಹಪ್ಪಳ ಇರಲಿಲ್ಲ. ಗೌಡರ ಮನೆ ಹೊಲದಲ್ಲೇ ಇತ್ತು. ನಾನು ಡಬ್ಬಿ ತೊಳೆದು ತರುವಷ್ಟರಲ್ಲಿ ಅವರ ಹೆಂಡತಿ ನಾಲ್ಕು ಸುಟ್ಟುಕೊಟ್ಟರು. ನನ್ನ ಗಂಡ ಗುಡ್ಡ ಹತ್ತಿದರು, ನಾವಿಬ್ಬರೂ ಕೆಳಗೆ ನಿಂತೆವು. ಕಡಿಯುವವರು ಕೋಯ್ತಾ ಕತ್ತಿಗಳನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡತೊಡಗಿದರು. ಮೇಲೆ ರೆಕ್ಕೆ ಬಿಚ್ಚಿಕೊಂಡಿತು. ಈ ಸಲ ಅದು ಮೇಲೇರಲಿಲ್ಲ. ಗುಡ್ಡ ಬಿಟ್ಟು ನಮ್ಮ ಕಡೆ ಮುಖ ಮಾಡಿ, ಅವಸರವಿಲ್ಲದೆ, ಸ್ವಲ್ಪ ಎಡಕ್ಕೆ ವಾಲುತ್ತ ಬಂತು. ಬಾವಿಯ ಮೇಲೆ ಹಾದಾಗ ಎಲ್ಲರೂ "ಹೋತು, ಹೋತು" ಎಂದರು. ಹೋಗಲಿಲ್ಲ. ಬಾವಿ ದಾಟಿ, ಎತ್ತಿನ ಬಂಡಿಯ ಗಾಲಿಯ ಪಕ್ಕ, ಗಟ್ಟಿ ನೆಲದ ಮೇಲೆ ಡಬ್ಬಿ ಮುಟ್ಟಿತು, ಎರಡು ಮೊಳ ಉಜ್ಜಿಕೊಂಡು ಹೋಗಿ ನಿಂತಿತು. ರೆಕ್ಕೆ ಅದರ ಮೇಲೆ ಮೆಲ್ಲಗೆ ಮುಸುಕು ಹಾಕಿತು.

ಡಬ್ಬಿ ತೆರೆಯಲು ಅಕ್ಕೋರು ನನಗೆ ಹೇಳಿದರು. ಕ್ಲಿಪ್ಪು ಬಿಚ್ಚಿದೆ. ಮೂರು ಹಪ್ಪಳ ಇಡಿಯಾಗಿದ್ದವು. ನಾಲ್ಕನೆಯದರ ಅಂಚು ಉಗುರಿನಷ್ಟು ಚೂರಾಗಿತ್ತು.

ರೆಕ್ಕೆ ಮಡಚಿಟ್ಟುಕೊಂಡು ಕಾದಿದ್ದ ಹೆಂಗಸು ಕೇಳಿದಳು, ಮರಾಠಿ ಬೆರೆಸಿ: "ಆತಾ, ಈಗ ಇದನ್ನ ಏನ ಮಾಡ್ತೀರಿ ಬಾಯಿ?"

"ತಿನ್ನೂದು," ಎಂದರು ಅಕ್ಕೋರು. ನಾಲ್ಕು ಹಪ್ಪಳ ಹದಿನೈದು ಜನಕ್ಕೆ ಒಂದೊಂದು ಚೂರು ಬಂತು. ಗೌಡರ ಹೆಂಡತಿ ಮತ್ತಷ್ಟು ಸುಟ್ಟು ತಂದರು, ಚಹಾ ಆಯಿತು. ಅಕ್ಕೋರು ಬಂಡಿಯ ಮೂಕಿಯ ಮೇಲೆ ಕುಳಿತು ಬಹಳ ಹೊತ್ತು ಬರೆದರು. ನಾಪಾಸಾದ ವಿಮಾನ ಇವತ್ತು ಪಾಸಾಯಿತೇನ್ರಿ ಎಂದು ಕೇಳಿದೆ. "ಒಂದ ಸಲ ಪಾಸ್ ಆದ್ರ ಪಾಸಲ್ಲ. ಹತ್ತ ಸಲ ಆಗಬೇಕು," ಎಂದರು. ಹೇಳುವಾಗ ಮುಖದ ತುಂಬ ನಗು.

ಮಾರ್ಚ್ ತಿಂಗಳೊಳಗೆ ಹತ್ತು ಸಲ ಬಿಟ್ಟಾಯಿತು. ಏಳು ಸಲ ಹಪ್ಪಳ ಉಳಿಯಿತು, ಮೂರು ಸಲ ಉಳಿಯಲಿಲ್ಲ. ಮೂರರಲ್ಲಿ ಒಂದು ಸಲ ದಾರ ಗಂಟು ಬಿದ್ದಿತ್ತು. ಇನ್ನೆರಡಕ್ಕೆ ಕಾರಣ ಇನ್ನೂ ಗೊತ್ತಾಗಿಲ್ಲ.

ಆ ಬೇಸಿಗೆಯಲ್ಲಿ ಅಥಣಿಯಲ್ಲಿ ವಿಜ್ಞಾನ ಕಲಿಸುವವರ ಒಂದು ದಿನದ ಕೂಟ ನಡೆಯಿತು. ಅಕ್ಕೋರನ್ನು ಮಾತಾಡಲು ಕರೆದಿದ್ದರು. "ನೀನೂ ಬರಬೇಕು," ಎಂದರು. ರೆಕ್ಕೆ ಹಿಡಿದು ನಿಲ್ಲಲಿಕ್ಕೆ ಒಬ್ಬರು ಬೇಕಿರಬಹುದು ಎಂದುಕೊಂಡು ಹೋದೆ. ಶಾಲೆಯ ದೊಡ್ಡ ಕೋಣೆ, ಮೂವತ್ತು ನಲವತ್ತು ಮಾಸ್ತರರು, ಅಕ್ಕೋರುಗಳು. ಬಳೆಯ ರೆಕ್ಕೆ, ತೊಟ್ಟಿಯ ವಿಮಾನ, ಬೆಳಕಿನ ಹಾಯಿ ಎಲ್ಲದರ ಬಗ್ಗೆ ಹೇಳಿ ಮುಗಿಸಿದ ಅಕ್ಕೋರು, "ಈ ರೆಕ್ಕಿ ಬಗ್ಗೆ ನಾ ಹೇಳೂದಿಲ್ಲ. ಇದನ್ನ ಕೊಯ್ದಾಕಿ ಹೇಳ್ತಾಳ," ಎಂದು ಕುಳಿತುಬಿಟ್ಟರು.

ಓಡಿಹೋಗೋಣವೆಂದರೆ ಬಾಗಿಲು ದೂರವಿತ್ತು. ಟೇಬಲ್ಲಿನ ಮೇಲೆ ರೆಕ್ಕೆ ಹಾಸಿದೆ. ಬಟ್ಟೆ ಕೈಗೆ ತಾಗಿದ ಮೇಲೆ ಸ್ವಲ್ಪ ಧೈರ್ಯ ಬಂತು. ನಮ್ಮ ಅಂಗಡಿಗೆ ಕಲಿಯಲು ಬಂದ ಹುಡುಗಿಯರಿಗೆ ಹೇಳುವ ಹಾಗೇ ಹೇಳಿದೆ. ಸಪಾಟು ಬಟ್ಟೆ ಯಾಕೆ ಸುಕ್ಕಾಗುತ್ತದೆ, ಬಾಗು ಎಲ್ಲಿ ಶುರುವಾಗಬೇಕು, ಟಕ್ಸ್ ಎಷ್ಟು ಉದ್ದ ಹಿಡಿಯಬೇಕು. ಮುಂದಿನ ಸಾಲಿನ ಒಬ್ಬ ಮಾಸ್ತರರು ಕೈ ಎತ್ತಿದರು.

"ಈ ಬಾಗಿನ ಲೆಕ್ಕ ಹ್ಯಾಂಗ ಹಾಕಿದ್ರಿ ಬಾಯಾರ?"

"ಮೊದಲ ಲೆಕ್ಕ ಹಾಕಿಲ್ರಿ ಸರ್. ನಾ ಗಣಿತದಾಗ ನಾಪಾಸಾದಾಕಿ," ಎಂದೆ. ಇಷ್ಟು ಜನರ ಮುಂದೆ ಅದನ್ನು ಹೇಳುತ್ತೇನೆಂದು ನಾನೇ ಎಣಿಸಿರಲಿಲ್ಲ. "ಮೈ ನೋಡಿ ಕೊಯ್ದೆ. ಗಾಳಿಗೂ ಮೈ ಐತ್ರಿ. ಲೆಕ್ಕ ಆಮ್ಯಾಲ ಅಕ್ಕೋರು ಕಲಿಸಿದ್ರು. ಈಗ ಅರ್ಧ ಬರತೈತಿ."

ಯಾರೋ ನಕ್ಕರು, ಆದರೆ ಅದು ಕೆಟ್ಟ ನಗೆಯಾಗಿರಲಿಲ್ಲ. ಆ ಮಾಸ್ತರರು ಎದ್ದು ಬಂದು ಟೇಪು ಕೇಳಿ ಪಡೆದು ತಾವೇ ಅಳೆಯತೊಡಗಿದರು. ಹಿಂದಿನಿಂದ ಇನ್ನೂ ನಾಲ್ಕೈದು ಜನ ಬಂದರು. ಊಟದ ಗಂಟೆ ಹೊಡೆದರೂ ಟೇಬಲ್ಲಿನ ಸುತ್ತ ಜನ ಕರಗಲಿಲ್ಲ. ಅಕ್ಕೋರು ಕಿಟಕಿಯ ಬಳಿ ಕುಳಿತು, ಯಾರಿಗೋ ಏನೋ ಹೇಳುತ್ತ, ನಡುನಡುವೆ ನನ್ನ ಕಡೆ ನೋಡುತ್ತಿದ್ದರು.

ಹನ್ನೊಂದು ಶಾಲೆಗಳವರು ರೆಕ್ಕೆಯ ಕಾಗದದ ಅಚ್ಚು ಬೇಕೆಂದು ಕೇಳಿದರು. ಮರುದಿನವೇ ಕಂದು ಕಾಗದ ತಂದು ಕತ್ತರಿಸಲು ಕುಳಿತೆ. ಪ್ರತಿಯೊಂದರ ಮೇಲೂ ಅಳತೆ, ಬಾಗು, ಟಕ್ಸಿನ ಜಾಗ ಎಲ್ಲವನ್ನೂ ನನ್ನದೇ ಅಕ್ಷರದಲ್ಲಿ ಬರೆದೆ. ಆ ವಾರ ಮದುವೆಯ ಸೀಜನ್ನು. ಬ್ಲೌಸುಗಳೆಲ್ಲ ತಡವಾದವು. ಗಿರಾಕಿಗಳು ಬಂದು ಬಂದು ಸಿಡಿಮಿಡಿಗೊಂಡರು, ಒಬ್ಬಾಕೆಯಂತೂ ಬಟ್ಟೆ ವಾಪಸು ಒಯ್ದಳು. ಎಲ್ಲರಿಗೂ ಕ್ಷಮೆ ಕೇಳಿದೆ. ಮನಸ್ಸಿನಲ್ಲಿ ಮಾತ್ರ ಎಳ್ಳಷ್ಟೂ ಬೇಸರವಿರಲಿಲ್ಲ.